ಎತ್ತಿಕೊಂಡವರ ತೂಕ

ಮಾರ್ಚ್ 3, ಸೋಮವಾರ

ಇಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ವಾದ್ಯಘೋಷವಿಲ್ಲದೆ, ಗಣ್ಯರ ಉಪಸ್ಥಿತಿಯೂ ಇಲ್ಲದೆ, ನಾನು ಒಂದು ಕಡತದ ಹೆಸರನ್ನು ಬದಲಾಯಿಸಿದೆನೆಂದು ಸಮಸ್ತ ಲೋಕಕ್ಕೆ ಸಾರುತ್ತೇನೆ. ‘ಪರೀಕ್ಷೆ ಹೊಸದು ಕೊನೆಯದು ನಿಜವಾಗಲೂ ಕೊನೆಯದು 2’ ಎಂಬ ಹೆಸರಿನಲ್ಲಿ ಹನ್ನೊಂದು ವರ್ಷ ಬಾಳಿದ ಕಡತವು ಇನ್ನು ಮೇಲೆ ‘ತೂಕದ ಪರೀಕ್ಷೆಗಳು’ ಎಂದು ಕರೆಸಿಕೊಳ್ಳತಕ್ಕದ್ದು. ಲೋಕ ಇನ್ನೂ ಪ್ರತಿಕ್ರಿಯಿಸಿಲ್ಲ. ಪಕ್ಕದ ಮೇಜಿನ ಹೆಡ್‌ಫೋನ್ ಹುಡುಗ ಒಂದು ಕಿವಿಯನ್ನು ಮಾತ್ರ ತೆರೆದು, “ಏನಾದ್ರೂ ಹೇಳಿದ್ರಾ ಮೇಡಂ?” ಎಂದು ಕೇಳಿ, ಉತ್ತರ ಬರುವುದರೊಳಗೆ ಮುಚ್ಚಿಕೊಂಡ.

ಈ ಪುಸ್ತಕವನ್ನು ಕಚೇರಿಯವರು ಸಭೆಯ ನಡಾವಳಿ ಬರೆದುಕೊಳ್ಳಲಿ ಎಂದು ಕೊಟ್ಟದ್ದು. ನಮ್ಮ ಸಭೆಗಳಲ್ಲಿ ಬರೆದುಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಆದ್ದರಿಂದ ನನ್ನ ಸಿಟ್ಟನ್ನು ಇದರಲ್ಲಿ ಇಡುತ್ತೇನೆ. ಮನೆಯಲ್ಲಿ ಅಕ್ಕನ ಮುಂದೆ ಇಡೋಣವೆಂದರೆ ಅವಳು ನನ್ನ ಮಾತಿನ ಅರ್ಧಕ್ಕೇ ಎದ್ದು ಕಿಟಕಿ ತೆಗೆಯಲು ಹೋಗುತ್ತಾಳೆ.

ಸಿಟ್ಟಿನ ಹಿನ್ನೆಲೆ ಹೀಗಿದೆ. ನಾವು ಪ್ರಾಣಿಗಳ ಆಸ್ಪತ್ರೆಗಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಂತ್ರಾಂಶ ಮಾಡುವವರು. ಯಾವ ನಾಯಿ ಎಷ್ಟು ಗಂಟೆಗೆ ಬರಬೇಕು, ಅದರ ತೂಕವೆಷ್ಟು, ಆ ತೂಕಕ್ಕೆ ಎಷ್ಟು ಔಷಧಿ, ಎಲ್ಲವನ್ನೂ ಅದು ಹೇಳುತ್ತದೆ. ಅದು ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಲು ಚಿಕ್ಕಚಿಕ್ಕ ಪರೀಕ್ಷೆಗಳನ್ನು ಬರೆದಿಡುತ್ತೇವೆ. ಹತ್ತು ಕೆಜಿ ನಾಯಿಗೆ ಒಂದು ಮಾತ್ರೆ ಅಂದಿತೇ? ಅಂದರೆ ಹಸಿರು ಚುಕ್ಕೆ. ಇಲ್ಲವಾದರೆ ಕೆಂಪು. ನಮ್ಮಲ್ಲಿ ಇಂಥವು ಸಾವಿರದ ನೂರ ನಲವತ್ತು ಇವೆ. ಎಲ್ಲವನ್ನೂ ಬರೆದವರು ಒಬ್ಬರೇ, ಜನವರಿಯಲ್ಲಿ ನಿವೃತ್ತರಾದ ಇನ್ನೊಂದಪ್ಪನವರು. ಅದು ಹೆತ್ತವರಿಟ್ಟ ಹೆಸರಲ್ಲ. ಸಭೆ ಮುಗಿದು ಎಲ್ಲರೂ ಕುರ್ಚಿಯಿಂದ ಅರ್ಧ ಎದ್ದಾಗ “ಇನ್ನೊಂದು ಇದೆಯಪ್ಪ” ಎಂದು ಕೈ ಎತ್ತುತ್ತಿದ್ದುದಕ್ಕೆ ಕಚೇರಿ ಕೊಟ್ಟ ಬಿರುದು.

ಅವರ ಪರೀಕ್ಷೆಗಳೆಲ್ಲ ಓಡಿ ಮುಗಿಯಲು ನಲವತ್ತೊಂದು ನಿಮಿಷ ಬೇಕು. ನಮ್ಮ ಮ್ಯಾನೇಜರ್, ಅಂದರೆ ಗಡುವು ಸಾಹೇಬರು, ನನ್ನನ್ನು ಕರೆದು ಹೇಳಿದರು: “ಈ ತಿಂಗಳ ಮೂವತ್ತೊಂದರೊಳಗೆ ಹತ್ತು ನಿಮಿಷಕ್ಕೆ ಇಳಿಸಿ. ಎಲ್ಲ ಚೊಕ್ಕಟ ಆಗ್ಬೇಕು. ಆಯ್ತು ಅಂದ್ರೆ ತಂಡದ ಮುಖ್ಯಸ್ಥೆ ನೀವೇ. ಆಗ್ಲಿಲ್ಲ ಅಂದ್ರೆ ಎಲ್ಲ ಅಳಿಸಿ ಸೊನ್ನೆಯಿಂದ ಶುರು ಮಾಡೋಣ.”

ಮುಖ್ಯಸ್ಥೆಗೆ ಕಿಟಕಿ ಪಕ್ಕದ ಕುರ್ಚಿ ಸಿಗುತ್ತದೆ. ಸೊಂಟಕ್ಕೆ ಆಸರೆ ಕೊಡುವ, ಹಿಂದಕ್ಕೆ ಬಾಗುವ, ಕೈಯಿಡಲು ಮೆತ್ತೆಯಿರುವ ಕುರ್ಚಿ. ನನ್ನ ಈಗಿನ ಕುರ್ಚಿ ಎಡಕ್ಕೆ ವಾಲುತ್ತದೆ. ಆರು ವರ್ಷದಿಂದ ಅದರ ಜೊತೆ ನಾನೂ ವಾಲುತ್ತಿದ್ದೇನೆ.

ಮಾರ್ಚ್ 4, ಮಂಗಳವಾರ

ಇನ್ನೊಂದಪ್ಪನವರ ಪರೀಕ್ಷೆಗಳ ಹೆಸರುಗಳನ್ನು ಓದುತ್ತ ಕೂತೆ. ‘ಗಿಳಿಗೆ ಯಜಮಾನನಿಗಿಂತ ವಯಸ್ಸು ಜಾಸ್ತಿ’. ‘ಒಂದೇ ಮನೆ, ಮೂರು ನಾಯಿ, ಮೂರಕ್ಕೂ ಒಂದೇ ಹೆಸರು’. ‘ಆಮೆ ಕಳೆದುಹೋಗಿ ಏಳು ವರ್ಷದ ಮೇಲೆ ತಾನೇ ಬಂತು, ಲಸಿಕೆ ಬಾಕಿ’. ‘ಬೆಕ್ಕು ಗಂಡಾಗಿತ್ತು, ಮರಿ ಹಾಕಿತು’. ಇವು ಪರೀಕ್ಷೆಗಳೋ, ಕಟ್ಟೆಯ ಮೇಲೆ ಕೂತವರ ಹರಟೆಯೋ?

ಹೆಸರು ಹಾಳಾಗಲಿ. ಇವು ಒಂದರ ಕೈ ಒಂದು ಹಿಡಿದುಕೊಂಡು ನಿಂತಿವೆ. ನೂರ ಹನ್ನೆರಡನೆಯ ಪರೀಕ್ಷೆ ಆ ಆಮೆಯನ್ನು ದಾಖಲಿಸಿ, ಅಳಿಸದೆ ಎದ್ದು ಹೋಗುತ್ತದೆ. ಆರುನೂರ ನಲವತ್ತನೆಯದು ಬಂದು, ಆಮೆ ಅಲ್ಲೇ ಇರುತ್ತದೆಂಬ ಭರವಸೆಯ ಮೇಲೆ ಅದಕ್ಕೆ ಚುಚ್ಚುಮದ್ದು ಕೊಡುತ್ತದೆ. ನಾನು ಒಂದನ್ನು ಸ್ಥಳಾಂತರ ಮಾಡಿದೆ. ನಲವತ್ತಾರು ಕೆಂಪಾದವು. ಮದುವೆಮನೆಯಲ್ಲಿ ಒಬ್ಬರನ್ನು ಬೇರೆ ಸಾಲಿಗೆ ಕೂರಿಸಿದ್ದಕ್ಕೆ ನಲವತ್ತಾರು ಜನ ಮುನಿಸಿಕೊಂಡ ಹಾಗೆ.

ಮನೆಗೆ ಬಂದರೆ ಅಲ್ಲೂ ಶಾಂತಿಯಿಲ್ಲ. ಈ ಮೂರನೇ ಮಹಡಿಯ ಮನೆಯಲ್ಲಿ ಇರುವವರು ನಾವಿಬ್ಬರೇ, ಕಿಟಕಿಗಳು ಆರು. ಅಕ್ಕ ಆರನ್ನೂ ತೆಗೆದಿಟ್ಟಿದ್ದಳು. ನಾನು ಸ್ವೆಟರ್ ಹಾಕಿಕೊಂಡು ಊಟಕ್ಕೆ ಕೂತೆ.

“ಚಳಿ ಆಗಲ್ವೇನೇ ನಿನಗೆ?”

“ಉರೀತಾ ಇದೆ ಕಣೇ. ನಿಮ್ಮ ಆಫೀಸಿನ ಏಸಿ ನಿನ್ನ ಹಾಳು ಮಾಡಿದೆ.”

ಹೇಳುತ್ತ ಹೇಳುತ್ತ ನನ್ನ ಪಾಲಿನದನ್ನೂ ತಿಂದು ಮುಗಿಸಿದಳು. ಈಗೀಗ ಇದೇ ಕತೆ. ಎರಡು ತಟ್ಟೆ ತಿನ್ನುತ್ತಾಳೆ, ಮೂರನೆಯದಕ್ಕೆ ಪಾತ್ರೆ ಬಗ್ಗಿಸಿ ನೋಡುತ್ತಾಳೆ. ನಾನು ನೀರು ಕುಡಿದರೂ ಊದಿಕೊಳ್ಳುತ್ತೇನೆ. ನ್ಯಾಯವೆಂಬುದು ಹಂಚಿಕೆಯಾದ ದಿನ ನಾನು ರಜೆಯಲ್ಲಿದ್ದೆ.

ಅಂದ ಹಾಗೆ, ಅಕ್ಕ ಎರಡು ಸ್ಟಾಪು ಆಚೆಗಿರುವ ಪ್ರಾಣಿಗಳ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಕೌಂಟರಿನಲ್ಲಿದ್ದಾಳೆ. ಅವಳ ಮುಂದಿನ ಪರದೆಯಲ್ಲಿ ಓಡುವುದು ನಮ್ಮದೇ ತಂತ್ರಾಂಶ. ಆ ಕಾರಣಕ್ಕೆ ಅದರ ಸಕಲ ದೋಷಗಳನ್ನೂ ಅವಳು ‘ನಿಮ್ಮ ಮಿಷನ್ನು’ ಎಂದು ಶುರುಮಾಡುತ್ತಾಳೆ. ಹಿಂದೆ ಶುರುಮಾಡುತ್ತಿದ್ದಳು. ಈಗ ಕೆಲವು ವರ್ಷದಿಂದ ಹೇಳುವುದನ್ನು ಬಿಟ್ಟಿದ್ದಾಳೆ. ತಂತ್ರಾಂಶ ಸುಧಾರಿಸಿದೆ ಎಂದಾಯಿತು.

ಮಾರ್ಚ್ 7, ಶುಕ್ರವಾರ

ಇಂದು ಅರಾಜಕತೆಯ ಬೇರನ್ನೇ ಕಂಡೆ.

ಬೆಕ್ಕು ತಕ್ಕಡಿಯ ಮೇಲೆ ನಿಲ್ಲುವುದಿಲ್ಲ. ಇದು ಸೃಷ್ಟಿಯ ನಿಯಮ. ಆದ್ದರಿಂದ ಆಸ್ಪತ್ರೆಯಲ್ಲಿ ಯಾರಾದರೊಬ್ಬರು ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತಕ್ಕಡಿಯ ಮೇಲೆ ನಿಲ್ಲುತ್ತಾರೆ. ಬಂದ ಒಟ್ಟು ತೂಕವನ್ನು ಬರೆಯುತ್ತಾರೆ. ಎತ್ತಿಕೊಂಡವರ ತೂಕವನ್ನು ತಂತ್ರಾಂಶ ನೆನಪಿಟ್ಟುಕೊಂಡಿದ್ದು ಅದರಿಂದ ಕಳೆಯುತ್ತದೆ. ಉಳಿದದ್ದು ಬೆಕ್ಕು.

ಸರಿ. ಈಗ ಪರೀಕ್ಷೆಗಳಲ್ಲಿ ಎತ್ತಿಕೊಂಡವರ ತೂಕ ಎಷ್ಟಿರಬೇಕು? ಯಾವುದೋ ಒಂದು, ಅಲ್ಲವೇ? ಇನ್ನೊಂದಪ್ಪನವರು ಹಳೆಯ ಪರೀಕ್ಷೆಗಳಲ್ಲಿ 58 ಎಂದು ಬರೆದಿದ್ದಾರೆ. ಆಮೇಲೆ 59. ಆಮೇಲೆ 60.5. ಮತ್ತೆ 58. ಆಮೇಲೆ 57, 54.5, 52. ಕೊನೆಯಲ್ಲಿ 50.5. ಯಾಕೆ? ವಿವರಣೆಯಿಲ್ಲ. ಬಾಯಿಗೆ ಬಂದದ್ದು ಬರೆದರೋ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಬರೆದರೋ. ವೃತ್ತಿಧರ್ಮವೆಂಬುದು ಇದ್ದರೆ ಒಂದು ಸಂಖ್ಯೆ ಒಂದು ಕಡೆ ಇರಬೇಕು.

ಎಲ್ಲ ಕಡೆಯೂ 58 ಮಾಡಿದೆ. ಒಟ್ಟು ತೂಕಗಳನ್ನು ಅದಕ್ಕೆ ತಕ್ಕಂತೆ ತಿದ್ದಿದೆ. ನೂರ ಮೂವತ್ತು ಕಡೆ ಹರಡಿದ್ದ ಕಸ ಒಂದೇ ಸಾಲಿಗೆ ಬಂತು. ಬಚ್ಚಲು ತೊಳೆದ ಮೇಲೆ ಆಗುವ ಸಂತೋಷವೇ ಇದು.

ಸಂಜೆ ಅಕ್ಕ ಊಟದ ಮೇಜಿನ ಮೇಲೆ ಕೈಗಡಿಯಾರದ ಪಟ್ಟಿಯಿಟ್ಟು, ಮೊಳೆ ಸುತ್ತಿಗೆಯಿಂದ ತೂತು ಹೊಡೆಯುತ್ತಿದ್ದಳು. ಹೋದ ತಿಂಗಳೂ ಒಂದು ಹೊಡೆದಿದ್ದಳು. ಮೇಜಿನ ಮೇಲೆ ಎರಡು ಗುಳಿ ಬಿದ್ದಿವೆ. “ಹಲಗೆ ಇಟ್ಕೊಂಡು ಹೊಡಿ” ಎಂದೆ. “ಹಲಗೆ ಮೇಲೆ ಹೊಡೆದ್ರೆ ಕೈ ನಡುಗುತ್ತೆ” ಎಂದಳು. ಮೇಜಿನ ಮೇಲೂ ನಡುಗುತ್ತಿತ್ತು.

ಮಾರ್ಚ್ 11, ಮಂಗಳವಾರ

ಮೂವತ್ತು ನಿಮಿಷಕ್ಕೆ ಇಳಿಯಿತು. ಆಮೆಯನ್ನು ಈಗ ಪ್ರತಿ ಪರೀಕ್ಷೆಯೂ ತಾನೇ ತಂದು ತಾನೇ ವಾಪಸ್ಸು ಬಿಡಬೇಕೆಂದು ಕಾನೂನು ಮಾಡಿದ್ದೇನೆ. ಸೊಂಟ ಹಿಡಿದಿದೆ. ಕಿಟಕಿ ಪಕ್ಕದ ಕುರ್ಚಿಯನ್ನು ಹೋಗಿ ಬರುವಾಗ ಒಮ್ಮೆ ಮುಟ್ಟಿ ನೋಡುತ್ತೇನೆ.

ಮಾರ್ಚ್ 14, ಶುಕ್ರವಾರ

ಸೋಮಾರಿಯೊಂದು ಸಿಕ್ಕಿಬಿತ್ತು.

‘ತಿಂಗಳು ತಿರುಗಿದಾಗ ಕೇಳಲೇಬೇಕು’ ಎಂಬ ಪರೀಕ್ಷೆ. ಇದು ಶುರುವಾಗಿ, ಮೂರು ನಿಮಿಷ ಸುಮ್ಮನೆ ಕೂರುತ್ತದೆ. ನಿಜವಾಗಿಯೂ ಏನೂ ಮಾಡುವುದಿಲ್ಲ. ತಿಂಗಳು ಬದಲಾಯಿತೆಂದು ತಂತ್ರಾಂಶ ತಾನಾಗಿ ತಿಳಿದುಕೊಳ್ಳಲು ಅಷ್ಟು ಹೊತ್ತು ಬೇಕಂತೆ. ಆಮೇಲೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತೇ ಎಂದು ನೋಡುತ್ತದೆ: “ಎತ್ತಿಕೊಂಡವರ ತೂಕ ಬದಲಾಗಿದೆಯೇ?” ಇದೇ ಜಾತಿಯ ಸೋದರರು ಇನ್ನೂ ಮೂವರು. ಒಟ್ಟು ಹನ್ನೊಂದು ನಿಮಿಷ.

ಅಳಿಸಿದೆ. ಹತ್ತೊಂಬತ್ತು ನಿಮಿಷ.

ಆಮೇಲೆ ಇನ್ನೊಂದು ಸೊಗಸು ನಡೆಯಿತು. ತಂತ್ರಾಂಶದಲ್ಲಿ ಯಾವ ಪರೀಕ್ಷೆಯೂ ಮುಟ್ಟದ ಸಾಲುಗಳನ್ನು ಕೆಂಪಗೆ ತೋರಿಸುವ ಸಾಧನವೊಂದು ನಮ್ಮಲ್ಲಿದೆ. ಅದನ್ನು ಓಡಿಸಿದರೆ ಆ ತಿಂಗಳ ಪ್ರಶ್ನೆ ಕೇಳುವ ಸಾಲುಗಳೆಲ್ಲ ಕೆಂಪಗಿದ್ದವು. ಅಂದರೆ ಅವು ಯಾರಿಗೂ ಬೇಡ ಎಂದರ್ಥ. ಯಾರಿಗಾದರೂ ಬೇಕಿದ್ದರೆ ಪರೀಕ್ಷೆ ಇರುತ್ತಿತ್ತಲ್ಲ. ಅವನ್ನೂ ಕಿತ್ತೆಸೆದು, ನೇರವಾಗಿ 58 ಎಂದು ಇಟ್ಟೆ. ಹೆಡ್‌ಫೋನ್ ಹುಡುಗ ನನ್ನ ಬದಲಾವಣೆಗಳನ್ನು ಪರಿಶೀಲಿಸಬೇಕಾದವನು. ಕಾಲು ನಿಮಿಷದಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದ. ತಾಳಕ್ಕೆ ತಕ್ಕ ಹಾಗೆ ತಲೆ ಆಡಿಸುತ್ತಿದ್ದ. ಅದನ್ನು ಒಪ್ಪಿಗೆಯೆಂದೇ ತೆಗೆದುಕೊಂಡೆ.

ಮಾರ್ಚ್ 18, ಮಂಗಳವಾರ

ಹನ್ನೆರಡು ನಿಮಿಷ. ಗಡುವು ಸಾಹೇಬರು ಎಷ್ಟು ಖುಷಿಯಾದರೆಂದರೆ ಹೊಸ ಆವೃತ್ತಿಯನ್ನು ಪ್ರಯೋಗಕ್ಕೆಂದು ಮೂರು ಆಸ್ಪತ್ರೆಗಳಿಗೆ ನಿನ್ನೆಯೇ ಕಳಿಸಿಬಿಟ್ಟಿದ್ದಾರೆ. ಅಕ್ಕನದೂ ಒಂದು.

ಅವಳು ಮನೆಯಲ್ಲಿ ಹೊಲಿಗೆ ಮಿಷನ್ ಹಿಡಿದು ಕೂತಿದ್ದಾಳೆ. ತನ್ನ ಬಟ್ಟೆಗಳನ್ನೆಲ್ಲ ಬಿಗಿ ಮಾಡಿಕೊಳ್ಳುತ್ತಾಳಂತೆ. ಟರ್ರ್ ಟರ್ರ್ ಸದ್ದಿಗೆ ತಲೆ ಚಿಟ್ಟು ಹಿಡಿಯಿತು. “ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?” ಎಂದೆ. “ಬೆಕ್ಕಿಗೆ” ಎಂದಳು.

ಮಾರ್ಚ್ 20, ಗುರುವಾರ

ಅಕ್ಕ ಬಾಗಿಲಲ್ಲೇ ಚಪ್ಪಲಿ ಬಿಡದೆ ಶುರುಮಾಡಿದಳು.

“ನಿಮ್ಮ ಮಿಷನ್ನು ಇವತ್ತು ಏನಂತು ಗೊತ್ತಾ? ಆ ಕರಿ ಬೆಕ್ಕಿನ ತೂಕ ಸೊನ್ನೆಗಿಂತ ನಾಲ್ಕೂ ಮುಕ್ಕಾಲು ಕೆಜಿ ಕಡಿಮೆ ಅಂತೆ.”

“ನೀನು ಏನೋ ತಪ್ಪು ಒತ್ತಿರ್ತೀಯ.”

“ನಾನು ಒತ್ತಿದ್ದು ಒಟ್ಟು ತೂಕ.”

“ಒತ್ತಿ, ಆಮೇಲೆ?”

“ಆಮೇಲೆ ಬೆಕ್ಕನ್ನ ಗಟ್ಟಿಯಾಗಿ ಹಿಡ್ಕೊಂಡೆ. ಸೊನ್ನೆಗಿಂತ ಕಡಿಮೆ ಇರೋದು ಹಾರಿಹೋದ್ರೆ ಏನು ಗತಿ ಅಂತ.”

“ನಿಧಾನವಾಗಿ ಒತ್ತಬೇಕು ಅಕ್ಕ. ನೀನು ಈಚೆಗೆ ಎಲ್ಲದಕ್ಕೂ ಹಾರಾಡ್ತೀಯ.”

ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಿಟಕಿಗಳನ್ನು ತೆಗೆದಳು. ಆರನ್ನೂ.

ಮಾರ್ಚ್ 24, ಸೋಮವಾರ

ಹತ್ತು ನಿಮಿಷ ಐವತ್ತು ಸೆಕೆಂಡು. ಇನ್ನು ಐವತ್ತು ಸೆಕೆಂಡು ಎಲ್ಲಿಂದ ಕಿತ್ತು ತರಲಿ?

ಅಕ್ಕನಿಗೆ ಆಸ್ಪತ್ರೆಯಲ್ಲಿ ಬೈಗುಳ ಬಿದ್ದಿದೆ. ಹದಿಮೂರು ಕೆಜಿಯ ನಾಯಿಯನ್ನು ಅವಳು ನಾಲ್ಕು ಕೆಜಿ ಎಂದು ದಾಖಲಿಸಿ, ಅದಕ್ಕೆ ಬೆಕ್ಕಿನ ಮರಿಗೆ ಕೊಡುವಷ್ಟು ಔಷಧಿ ಬರೆದು ಬಂದಿತ್ತಂತೆ. ಅಲ್ಲಿನ ಡಾಕ್ಟ್ರಮ್ಮ ಕೊಡುವ ಮುಂಚೆ ನಾಯಿಯ ಮುಖ ನೋಡಿದ್ದರಿಂದ ಬಚಾವು. “ಇನ್ನೊಂದು ತೂಕ ತಪ್ಪಾದ್ರೆ ಕೌಂಟರಿಗೆ ಹೊಸಬರನ್ನ ಕೂರಿಸ್ತೀನಿ, ನೀವು ಒಳಗೆ ಔಷಧಿ ಕೋಣೇಲಿ ಡಬ್ಬ ಜೋಡಿಸಿ” ಎಂದರಂತೆ.

ಆ ಕೋಣೆಗೆ ಕಿಟಕಿಯಿಲ್ಲ. ಅಲ್ಲಿಗೆ ಪ್ರಾಣಿಗಳೂ ಬರುವುದಿಲ್ಲ, ಅವುಗಳ ಯಜಮಾನರೂ ಬರುವುದಿಲ್ಲ. ಅಕ್ಕನಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರ ಜೊತೆಯಾದರೂ ಮಾತಾಡದಿದ್ದರೆ ಉಸಿರು ಕಟ್ಟುತ್ತದೆ. ನಾನು ಕಳಕಳಿಯಿಂದಲೇ ಹೇಳಿದೆ, “ನಾಳೆಯಿಂದ ಒಂದೊಂದೇ ಬೆರಳಲ್ಲಿ, ಪರದೆ ನೋಡ್ಕೊಂಡು ಒತ್ತು.”

“ಹನ್ನೊಂದು ವರ್ಷದಿಂದ ಒತ್ತಿದೀನಿ ಕಣೇ.”

ಅಷ್ಟೇ ಹೇಳಿದಳು. ಎದ್ದು ಕಿಟಕಿ ಪಕ್ಕ ಹೋಗಿ ನಿಂತಳು. ಒಳ್ಳೆಯದು ಹೇಳಿದರೆ ಹೀಗೆ.

ಮಾರ್ಚ್ 26, ಬುಧವಾರ

ಒಂಬತ್ತು ನಿಮಿಷ ನಲವತ್ತು ಸೆಕೆಂಡು. ಗಡುವು ಸಾಹೇಬರು ಬಂದು ನನ್ನ ಮೇಜಿನ ಮೇಲೆ ಎರಡು ಸಲ ತಟ್ಟಿದರು. ಅವರ ಪದ್ಧತಿಯಲ್ಲಿ ಇದು ಪದಕ. “ಸೋಮವಾರ ಕುರ್ಚಿ ಈ ಕಡೆ ತಂದುಬಿಡಿ ಅಂತ ಹೇಳ್ತೀನಿ. ಅಥವಾ ನೀವೇ ಆ ಕಡೆ ಹೋಗಿ.”

ಸಾವಿರ ಚುಕ್ಕೆ ಹಸಿರು, ಒಂದು ಕೆಂಪು. ಅದೊಂದು ಬಗ್ಗುತ್ತಿಲ್ಲ. ಹೆಸರು ‘ಕೌಂಟರಿನಮ್ಮ ಹೇಳಿದ್ದೇ ಸರಿ’. ಬೇರೆಯವುಗಳ ಒಟ್ಟು ತೂಕವನ್ನು ನಾನು ತಿದ್ದಿದ್ದೆ. ಇದು ಮಾತ್ರ ಯಾವುದೋ ಆಸ್ಪತ್ರೆಯ ತಕ್ಕಡಿಯಿಂದ ಬಂದ ನಿಜವಾದ ಚೀಟಿಯನ್ನೇ ಇಟ್ಟುಕೊಂಡಿದೆ: ಎತ್ತಿಕೊಂಡವರು 50.5, ಒಟ್ಟು 54.7, ಬೆಕ್ಕು 4.2. ನನ್ನ ಚೊಕ್ಕ ತಂತ್ರಾಂಶ ಬೆಕ್ಕಿನ ತೂಕ ಸೊನ್ನೆಗಿಂತ ಮೂರು ಕೆಜಿ ಚಿಲ್ಲರೆ ಕಡಿಮೆ ಎನ್ನುತ್ತಿದೆ.

ಇದನ್ನು ಎಲ್ಲೋ ಕೇಳಿದ ಹಾಗಿದೆ.

ಅಳಿಸಿಬಿಡೋಣವೆಂದು ಬೆರಳಿಟ್ಟೆ. ಅಳಿಸಲಿಲ್ಲ. ಯಾಕೆಂದು ಗೊತ್ತಿಲ್ಲ, ಆ ಹೆಸರಿನ ಗತ್ತಿಗೆ ಹೆದರಿದೆನೇನೋ. ನಾಳೆ ಇನ್ನೊಂದಪ್ಪನವರಿಗೇ ಫೋನ್ ಮಾಡಿ ಎರಡು ಮಾತು ಕೇಳುತ್ತೇನೆ. ಹನ್ನೊಂದು ವರ್ಷದ ಕಡತದ ಸಿಟ್ಟು ಜಮೆಯಾಗಿದೆ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಫೋನ್ ಮಾಡಿದೆ. ಅವರು ಗಿಡಕ್ಕೆ ನೀರು ಹಾಕುತ್ತಿದ್ದರಂತೆ. ಹಿನ್ನೆಲೆಯಲ್ಲಿ ನಲ್ಲಿಯ ಸದ್ದು.

“ಸಾರ್, ಎತ್ತಿಕೊಂಡವರ ತೂಕ ಒಂದೊಂದು ಕಡೆ ಒಂದೊಂದು ಇದೆ. ಯಾವ ಲೆಕ್ಕದ ಮೇಲೆ ಬರೆದ್ರಿ?”

“ಲೆಕ್ಕ ಏನಿಲ್ಲಮ್ಮ. ಅವರು ಹೇಳಿದ್ದು ಬರೆದೆ.”

“ಯಾರು?”

“ಒಂದು ಆಸ್ಪತ್ರೆ ಕೌಂಟರಿನಮ್ಮ. ನಮ್ಮ ಪರೀಕ್ಷೆಗಳಲ್ಲಿ ಅರ್ಧ ಅವರ ಫೋನೇ. ಆ ಗಿಳಿ, ಆ ಆಮೆ, ಎಲ್ಲ ಅವರದೇ ಗಿರಾಕಿಗಳು. ಏನಾದ್ರೂ ಎಡವಟ್ಟಾದ್ರೆ ಸಹಾಯವಾಣಿಗೆ ಫೋನ್ ಮಾಡೋರು, ನಾನು ಎತ್ತೋನು. ಅವರು ಹೇಳಿದ ಹಾಗೇ ಒಂದು ಪರೀಕ್ಷೆ ಬರೆದಿಡ್ತಿದ್ದೆ. ಬೆಕ್ಕು ಎತ್ಕೊಳ್ಳೋದೂ ಅವರೇ. ಅದಕ್ಕೆ ಒಂದನೇ ತಾರೀಖು ಮಿಷನ್ನು ತೂಕ ಕೇಳುತ್ತೆ, ಅವರು ಬದಲಾಯಿಸ್ತಾರೆ, ನನಗೂ ಒಂದು ಫೋನ್ ಹಾಕ್ತಾರೆ. ‘ಬರ್ಕೊಳ್ಳಿ ಸಾರ್, ಈ ತಿಂಗಳು ಇಷ್ಟು’ ಅಂತ.”

“ಐವತ್ತೆಂಟು ಇದ್ದದ್ದು ಐವತ್ತೂವರೆ ಆಗಿದೆ.”

“ಹೌದಮ್ಮ. ಎರಡು ವರ್ಷದಲ್ಲಿ. ನಾನೇ ಹೇಳಿದೆ, ಡಾಕ್ಟರಿಗೆ ತೋರಿಸ್ಕೊಳ್ಳಿ ಅಂತ. ‘ಡಾಕ್ಟರು ಇಲ್ಲೇ ಇದಾರೆ ಸಾರ್, ಆದ್ರೆ ನಾಲ್ಕು ಕಾಲಿನೋರಿಗೆ ಮಾತ್ರ’ ಅಂತ ನಕ್ಕುಬಿಟ್ರು.”

“ಹೆಸರೇನು ಅವರದು?”

“ಹೇಳಲ್ಲ. ಅವರ ತಂಗಿ ನಮ್ಮಲ್ಲೇ ಕೆಲಸ ಮಾಡ್ತಾರಂತೆ. ‘ಅವಳಿಗೆ ಹೇಳ್ಬೇಡಿ ಸಾರ್, ನಾನು ತಪ್ಪು ಒತ್ತಿದೆ ಅಂತಾಳೆ’ ಅನ್ನೋರು.”

ನಲ್ಲಿ ನಿಂತಿತು.

“ಇನ್ನೊಂದು ಇದೆಯಮ್ಮ” ಎಂದರು. “ನಾನು ಬಿಟ್ಟ ಮೇಲೆ ಅವರ ಫೋನ್ ಯಾರು ಎತ್ತುತ್ತಾರೆ?”

ಯಾರೂ ಎತ್ತುವುದಿಲ್ಲ. ಈಗ ಅದು ಒಂದು ಮಿಂಚಂಚೆ ವಿಳಾಸ.

ಅದೇ ದಿನ, ಎರಡನೆಯ ಕಂತು

ಅರ್ಧ ದಿನದ ರಜೆ ಬರೆದು ಬಸ್ಸು ಹತ್ತಿದೆ. ನಿಲ್ಲಲು ಜಾಗವಿಲ್ಲ, ಕಂಡಕ್ಟರು ಮೂರು ಸಲ “ಒಳಗೆ ಸರೀರಿ” ಎಂದ. ಇನ್ನೆಲ್ಲಿಗೆ ಸರಿಯಲಿ?

ಆಸ್ಪತ್ರೆಯಲ್ಲಿ ನಾಲ್ಕು ನಾಯಿ, ಎರಡು ಬುಟ್ಟಿ, ಒಂದು ಮೊಲ. ಅಕ್ಕ ಕೌಂಟರಿನ ಹಿಂದೆ ಇದ್ದಳು. ಹನ್ನೊಂದು ವರ್ಷದಲ್ಲಿ ನಾನು ಇಲ್ಲಿಗೆ ಬಂದದ್ದು ಇದೇ ಮೊದಲು. ಅವಳು ನನ್ನನ್ನು ಗಿರಾಕಿಯನ್ನು ನೋಡುವಂತೆ ನೋಡಿ, “ಯಾವ ಪ್ರಾಣಿ?” ಎಂದಳು.

ದೂರದಿಂದ ನೋಡಿದರೆ ಬೇರೆ ಥರ ಕಾಣುತ್ತಾಳೆ. ಊಟದ ಮೇಜಿನಾಚೆ ಕೂತಾಗ ನಾನು ಅವಳನ್ನು ನೋಡುವುದಿಲ್ಲ, ಪಾತ್ರೆಯಲ್ಲಿ ಎಷ್ಟು ಉಳಿಯಿತೆಂದು ನೋಡುತ್ತೇನೆ. ಕೊರಳೆಲುಬು ಬಟ್ಟೆ ಒಣಗಿಸುವ ತಂತಿಯ ಹಾಗೆ ಎದ್ದಿತ್ತು.

ಡಾಕ್ಟ್ರಮ್ಮನನ್ನು ಕರೆಸಿದೆ. ನಿಂತುಕೊಂಡೇ ಹೇಳಿದೆ: ತೂಕ ತಪ್ಪಾದದ್ದು ಇವಳಿಂದಲ್ಲ, ಹೊಸ ಆವೃತ್ತಿಯಿಂದ, ಅದರಲ್ಲಿ ಎತ್ತಿಕೊಂಡವರನ್ನು ಐವತ್ತೆಂಟಕ್ಕೆ ನಿಲ್ಲಿಸಿದವಳು ನಾನು. ಇವತ್ತಿನಿಂದ ಹಳೆಯದನ್ನೇ ಓಡಿಸಿ, ಈ ಹತ್ತು ದಿನದ ತೂಕಗಳನ್ನು ಮತ್ತೆ ನೋಡಿ. ಬರೆದು ಸಹಿ ಹಾಕಿಕೊಡುತ್ತೇನೆ. ಕೌಂಟರಿನಿಂದ ಇವಳನ್ನು ಎಬ್ಬಿಸಬೇಡಿ.

“ನಾನು ಹೇಳಿದ್ದೆ ತಾನೆ?” ಎಂದಳು ಅಕ್ಕ. ನನಗಲ್ಲ, ಮೊಲಕ್ಕೆ.

ಡಾಕ್ಟ್ರಮ್ಮ ಇವತ್ತು ಮತ್ತೆ ಬಂದಿದ್ದ ಆ ಕರಿ ಬೆಕ್ಕನ್ನು ಬುಟ್ಟಿಯಿಂದ ತೆಗೆದು ಅಕ್ಕನ ಕೈಗೆ ಕೊಟ್ಟು ತಕ್ಕಡಿ ತೋರಿಸಿದರು. 53.1. ಬೆಕ್ಕನ್ನು ನನ್ನ ಕೈಗೆ ದಾಟಿಸಿದರು. ಅದು ನನ್ನ ಸ್ವೆಟರಿಗೆ ಉಗುರು ನೆಟ್ಟಿತು. ಅಕ್ಕ ಒಬ್ಬಳೇ ನಿಂತಳು. 48.9.

“ಎಷ್ಟು ಇದ್ರಿ ಮೊದಲು?”

ಅಕ್ಕ ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ. 58, 59, 60.5, ಮತ್ತೆ 58, 57, 54.5, 52, 50.5. ಬಾಯಿಪಾಠವಾಗಿತ್ತು. ನೂರ ಮೂವತ್ತು ಕಡೆ ಅಳಿಸಿದವಳಲ್ಲವೇ.

“ಊಟ?”

“ಎರಡರಷ್ಟು” ಎಂದೆ.

“ಸೆಕೆ? ಕೈ ನಡುಕ?”

“ಆರು ಕಿಟಕಿ. ಮೇಜಿನ ಮೇಲೆ ಎರಡು ಗುಳಿ.”

ಡಾಕ್ಟ್ರಮ್ಮ ಅಕ್ಕನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಕೊರಳಿನ ಎರಡೂ ಪಕ್ಕ ಬೆರಳಿಟ್ಟರು. ಅವರ ಮುಖ ಇಳಿಯಿತು. “ಇದು ಬೆಕ್ಕಾಗಿದ್ದಿದ್ರೆ” ಎಂದರು, “ವಯಸ್ಸಾದ ಬೆಕ್ಕು, ಚೆನ್ನಾಗಿ ತಿನ್ನುತ್ತೆ, ಆದ್ರೂ ಇಳೀತಿದೆ, ಒಂದು ಕಡೆ ನಿಲ್ಲಲ್ಲ ಅಂತ ಯಾರಾದ್ರೂ ತಂದಿದ್ದಿದ್ರೆ, ಆರು ತಿಂಗಳ ಹಿಂದೇ ರಕ್ತ ತೆಗೆದು ಕೊರಳಿನ ಗ್ರಂಥಿ ನೋಡ್ತಿದ್ದೆ. ಇಷ್ಟು ದಿನ ನನ್ನ ಕಣ್ಣ ಮುಂದೇ ಇದ್ರಿ. ನಾಳೆನೇ ಮನುಷ್ಯರ ಡಾಕ್ಟರ ಹತ್ರ ಹೋಗಿ.”

“ವಯಸ್ಸಾದ ಬೆಕ್ಕು ಅಂದ್ರೇನು?” ಎಂದಳು ಅಕ್ಕ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದು ಜಾಗ ಸಿಕ್ಕಿತು. ನೀನು ಕೂತ್ಕೋ ಎಂದೆ. ನೀನು ಕೂತ್ಕೋ ಎಂದಳು. ಜಗಳವಾಡುತ್ತಿರುವಾಗ ಬೇರೆ ಯಾರೋ ಕೂತರು. ನಮ್ಮ ಮನೆತನದ ಹಣೆಬರಹವೇ ಇದು.

ಮಾರ್ಚ್ 31, ಸೋಮವಾರ

ಮೂರೂ ಆಸ್ಪತ್ರೆಗಳಿಂದ ಹೊಸ ಆವೃತ್ತಿಯನ್ನು ವಾಪಸ್ಸು ತರಿಸಿದೆ. ಇನ್ನೊಂದು ಆಸ್ಪತ್ರೆಯಲ್ಲಿ ಬೆಕ್ಕು ಎತ್ತಿಕೊಳ್ಳುವವರು ಎಂಬತ್ತೆರಡು ಕೆಜಿಯ ಆಸಾಮಿಯಂತೆ. ಅಲ್ಲಿ ವಾರದಿಂದ ಇಪ್ಪತ್ತೆಂಟು ಕೆಜಿಯ ಬೆಕ್ಕುಗಳು ಓಡಾಡುತ್ತಿದ್ದವು. ಅವರು ಬರೆದ ಪತ್ರವನ್ನು ಗಡುವು ಸಾಹೇಬರು ‘ಬಳಕೆದಾರರಿಗೆ ತರಬೇತಿ ಬೇಕು’ ಎಂಬ ಕಡತದಲ್ಲಿ ಇಟ್ಟಿದ್ದರು.

“ಇವತ್ತು ಮೂವತ್ತೊಂದು” ಎಂದರು ಸಾಹೇಬರು.

“ಗೊತ್ತು. ಇನ್ನೂ ನಾಲ್ಕು ದಿನ ಬೇಕು.”

“ಒಂಬತ್ತು ನಲವತ್ತು ಆಗಿತ್ತಲ್ಲ?”

“ಕೆಲಸಕ್ಕೆ ಬರೋ ಪರೀಕ್ಷೆಗಳನ್ನೇ ಅಳಿಸಿದ್ದೆ. ಅದಕ್ಕೆ ಬೇಗ ಮುಗೀತಿತ್ತು.”

“ಎಲ್ಲ ಅಳಿಸಿ ಸೊನ್ನೆಯಿಂದ…”

“ಅಳಿಸಿದ್ರೆ ಆ ಎಂಬತ್ತೆರಡು ಕೆಜಿಯವರ ಫೋನ್ ನಿಮ್ಮ ಮೇಜಿಗೆ ಬರೋ ಹಾಗೆ ಮಾಡ್ತೀನಿ.”

ಅವರು ಮೇಜಿನ ಮೇಲೆ ತಟ್ಟದೆ ಹೋದರು. ಕುರ್ಚಿ ಹೆಡ್‌ಫೋನ್ ಹುಡುಗನ ಪಾಲಾಯಿತು. ಅವನು ಅದರಲ್ಲಿ ಕೂತು ಹಿಂದಕ್ಕೆ ಬಾಗಿದಾಗ ಹೆಡ್‌ಫೋನಿನ ತಂತಿ ಕಿತ್ತು ಬಂತು. ದೇವರಿದ್ದಾನೆ.

ಏಪ್ರಿಲ್ 4, ಶುಕ್ರವಾರ

ನೂರ ಮೂವತ್ತು ಸಂಖ್ಯೆಗಳನ್ನೂ ಹಳೆಯ ಪ್ರತಿಯಿಂದ ಹೆಕ್ಕಿ, ಒಂದೊಂದನ್ನೂ ಅದರ ಜಾಗದಲ್ಲಿ ಕೂರಿಸಿದೆ. ಕೊನೆಯಲ್ಲಿ ಹೊಸದೊಂದು ಸೇರಿಸಿದೆ: ಎತ್ತಿಕೊಂಡವರು 48.9, ಒಟ್ಟು 53.1, ಕರಿ ಬೆಕ್ಕು 4.2.

ಕಿತ್ತೆಸೆದಿದ್ದ ತಿಂಗಳ ಪ್ರಶ್ನೆಯನ್ನು ವಾಪಸ್ಸು ಹಾಕಿ, ಆ ಮೂರು ನಿಮಿಷ ಸುಮ್ಮನೆ ಕೂರುವ ಪರೀಕ್ಷೆಗೂ ಅದರ ಮೂವರು ಸೋದರರಿಗೂ ಸುಳ್ಳು ಗಡಿಯಾರವೊಂದನ್ನು ಕಟ್ಟಿಕೊಟ್ಟೆ. ತಿಂಗಳು ತಿರುಗಿತು ಎಂದು ಅದು ತಂತ್ರಾಂಶಕ್ಕೆ ಬೇಕಾದಾಗ ಸುಳ್ಳು ಹೇಳುತ್ತದೆ. ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಹತ್ತು ಸಾಲಿನ ಕೆಲಸ. ಅಳಿಸುವುದು ಒಂದೇ ಸಾಲಿನ ಕೆಲಸವಾಗಿತ್ತು, ಅದಕ್ಕೇ ಮೊದಲು ಹೊಳೆದದ್ದು. ಎಲ್ಲ ಸೇರಿ ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡು, ಎಲ್ಲವೂ ಹಸಿರು. ಯಾರಿಗೂ ಹೇಳಲಿಲ್ಲ.

ಪರೀಕ್ಷೆಗಳ ಹೆಸರು ಬದಲಾಯಿಸಲು ಕೂತೆ. ‘ಗಿಳಿಗೆ ಯಜಮಾನನಿಗಿಂತ ವಯಸ್ಸು ಜಾಸ್ತಿ’ ಎಂಬುದಕ್ಕಿಂತ ಸ್ಪಷ್ಟವಾದ ಹೆಸರು ಹೊಳೆಯಲಿಲ್ಲ. ಬಿಟ್ಟೆ.

ಅಕ್ಕನ ವರದಿ ಬಂತು. ಕೊರಳಿನ ಗ್ರಂಥಿ ಅತಿಯಾಗಿ ಓಡುತ್ತಿದೆಯಂತೆ. ದಿನಕ್ಕೆ ಎರಡು ಮಾತ್ರೆ, ತಿಂಗಳಿಗೊಮ್ಮೆ ರಕ್ತ, ವಾಸಿಯಾಗುವಂಥದ್ದೇ ಎಂದರು. ಏನೋ ಒಂದು ತುಂಬ ಬೇಗ ಓಡುವುದೂ ಕಾಯಿಲೆಯೆಂದು ನಾನು ಮೊದಲ ಸಲ ಕೇಳಿದೆ.

ಮಾತ್ರೆ ನುಂಗು ಎಂದರೆ ನುಂಗಿದೆ ಎನ್ನುತ್ತಾಳೆ. ಎಣಿಸಿ ನೋಡಿದರೆ ಒಂದು ಜಾಸ್ತಿ ಇದೆ. “ನೀನು ತಪ್ಪು ಎಣಿಸಿರ್ತೀಯ” ಎಂದಳು. ತಲೆ ಕೆಟ್ಟುಹೋಗುತ್ತದೆ ಇವಳ ಜೊತೆ.

ಜೂನ್ 2, ಸೋಮವಾರ

ಸಹಾಯವಾಣಿಯ ಫೋನನ್ನು ಏಪ್ರಿಲ್‌ನಿಂದ ನನ್ನ ಮೇಜಿಗೇ ಹಾಕಿಸಿಕೊಂಡಿದ್ದೇನೆ. ದಿನಕ್ಕೆ ಹದಿನೈದು ಸಲ ಹೊಡೆದುಕೊಳ್ಳುತ್ತದೆ, ಒಂದು ಕೆಲಸ ಮುಗಿಯುವುದಿಲ್ಲ. ಒಬ್ಬರ ಮೊಲ ಅಮಾವಾಸ್ಯೆಯ ರಾತ್ರಿ ಹುಟ್ಟಿದ್ದು, ಬರೆಯಬೇಕಾದ ತಾರೀಖು ನಡುರಾತ್ರಿಯ ಮುಂಚಿನದೋ ನಂತರದ್ದೋ ಎಂದು ಕೇಳುತ್ತಾರೆ. ಅದಕ್ಕೂ ಒಂದು ಪರೀಕ್ಷೆ ಬರೆದೆ. ಒಟ್ಟು ಸಾವಿರದ ನೂರ ಎಪ್ಪತ್ತೊಂದು. ಮೊನ್ನೆ ಸಭೆಯ ಕೊನೆಗೆ ನಾನು ಕೈ ಎತ್ತಿದಾಗ ಎಲ್ಲರೂ ಯಾಕೆ ನಕ್ಕರೋ ತಿಳಿಯಲಿಲ್ಲ.

ನಿನ್ನೆ ಒಂದನೇ ತಾರೀಖು ಭಾನುವಾರ. ಹಾಗಾಗಿ ಫೋನ್ ಇವತ್ತು ಬೆಳಿಗ್ಗೆ ಬಂತು. ಎರಡು ಗಂಟೆ ಮುಂಚೆ ಒಂದೇ ಮೇಜಿನಲ್ಲಿ ತಿಂಡಿ ತಿಂದು, ಕಿಟಕಿ ವಿಷಯಕ್ಕೆ ಕಿತ್ತಾಡಿ ಬಂದಿದ್ದೆವು. ಈಗ ಅವಳೇ ಮುಚ್ಚು ಎನ್ನುತ್ತಾಳೆ, ನನಗೆ ಸೆಕೆ.

“ಹಲೋ, ಸಹಾಯವಾಣಿ.”

“ಕೌಂಟರಿನಿಂದ ಮಾತಾಡ್ತಿದೀನಿ. ಮಿಷನ್ನು ಕೇಳ್ತು, ಬದಲಾಯಿಸಿದೆ. ನೀವೂ ಬರ್ಕೊಳ್ಳಿ ಮೇಡಂ.”

“ಹೇಳಿ ಅಮ್ಮ.”

“ಐವತ್ತೊಂದೂವರೆ.”

“ಸರಿಯಾಗಿ ಒತ್ತಿದೀರಾ?”

“ನಿಮ್ಮ ಮನೇಲಿ ದೊಡ್ಡೋರು ಯಾರೂ ಬುದ್ಧಿ ಹೇಳಿಲ್ವಾ?” ಎಂದು ಫೋನ್ ಇಟ್ಟಳು. ಬರೆದುಕೊಂಡೆ.

ಒಂದು ವಿಷಯ. ಜೂನ್ ಕೊನೆಯಿಂದ ಎರಡು ವಾರ ಗಡುವು ಸಾಹೇಬರು ನನ್ನನ್ನು ತರಬೇತಿಗೆಂದು ಬೇರೆ ಶಾಖೆಗೆ ಅಟ್ಟುತ್ತಿದ್ದಾರೆ. ಈ ಪುಸ್ತಕ ಎರಡನೆಯ ಖಾನೆಯಲ್ಲಿರುತ್ತದೆ. ಓದುವವರು ಯಾರೇ ಆಗಿರಿ, ನನ್ನ ವಾಲುವ ಕುರ್ಚಿಯಲ್ಲಿ ಕೂತಿರುತ್ತೀರಿ, ಆದ್ದರಿಂದ ಸಿಟ್ಟಿನಲ್ಲಿರುತ್ತೀರಿ, ಕ್ಷಮೆಯಿರಲಿ. ಜುಲೈ ಒಂದನೇ ತಾರೀಖು ಮಂಗಳವಾರ, ಹತ್ತರಿಂದ ಹನ್ನೊಂದರ ಒಳಗೆ ಈ ಫೋನ್ ಬರುತ್ತದೆ. ಬರದಿದ್ದರೆ ನೀವೇ ಮಾಡಿ, ನಂಬರ್ ಈ ಹಾಳೆಯ ಹಿಂದಿದೆ. ತಕ್ಷಣ ಎತ್ತದಿದ್ದರೆ ಇಡಬೇಡಿ, ಕೈಯಲ್ಲಿ ಬೆಕ್ಕಿರುತ್ತದೆ. ಎಷ್ಟು ಎಂದು ಕೇಳಿ, ‘ತೂಕದ ಪರೀಕ್ಷೆಗಳು’ ಕಡತದ ಕೊನೆಯಲ್ಲಿ ಹೊಸ ಸಾಲಾಗಿ ಬರೆಯಿರಿ. ಸಂಖ್ಯೆ ಐವತ್ತೊಂದಕ್ಕಿಂತ ಕಡಿಮೆಯಿದ್ದರೆ, ದಯವಿಟ್ಟು ನನಗೂ ಒಂದು ಫೋನ್ ಮಾಡಿ. ಅವಳಿಗೆ ಹೇಳಬೇಡಿ.